ತೋಳಿನ ಅಳತೆ ಯಾಕೆ ತಪ್ಪುತ್ತದೆ?

ಪ್ರಶ್ನೆ: ವಿರಾಜಪೇಟೆ ಬಳಿಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ (ಸಾಲು ಮನೆಗಳಲ್ಲಿ) ಮಕ್ಕಳ ಪೌಷ್ಟಿಕತೆಯ ಅಧ್ಯಯನ ಮಾಡುತ್ತಿದ್ದೇವೆ. ಒಂದೇ ಮಗುವಿನ ತೋಳಿನ ಸುತ್ತಳತೆ ಇಬ್ಬರು ಅಳೆದರೆ ಬೇರೆ ಬೇರೆ ಬರುತ್ತಿದೆ. ಏನು ಮಾಡಲಿ?
– ನರ್ಸಿಂಗ್ ವಿದ್ಯಾರ್ಥಿನಿ, ಕೊಡಗು

ಉತ್ತರ: ಹೆಚ್ಚಾಗಿ ತಪ್ಪುವುದು ಮಧ್ಯಬಿಂದು. ಮಗುವಿನ ಎಡ ಮೊಣಕೈ ಮಡಚಿ, ಭುಜದ ತುದಿಯಿಂದ ಮೊಣಕೈ ತುದಿವರೆಗೆ ಅಳೆದು, ಸರಿ ನಡುವೆ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಟೇಪು ಸುತ್ತಿ. ಚರ್ಮ ಒತ್ತಬಾರದು, ಸಂದೂ ಉಳಿಯಬಾರದು. ಚಳಿಗೆ ಹಾಕಿದ ಸ್ವೆಟರಿನ ತೋಳು ಮಡಚಿದರೆ ಸಾಲದು, ಬಿಚ್ಚಲೇಬೇಕು. 6ರಿಂದ 59 ತಿಂಗಳ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಅದು ತೀವ್ರ ಅಪೌಷ್ಟಿಕತೆ. ಹಾಗಾಗಿ 2 ಮಿ.ಮೀ. ತಪ್ಪೂ ದೊಡ್ಡದೇ. ಅಂಥ ಮಗು ಸಿಕ್ಕರೆ ಬರೀ ಬರೆದುಕೊಂಡು ಬರಬೇಡಿ. ಅಂದೇ ಅಂಗನವಾಡಿ ಕಾರ್ಯಕರ್ತೆಗೆ ತಿಳಿಸಿ. ಅಳೆಯಲು ಹೋಗುವಾಗ ನೆನಪಿಡಿ, ಕಾಫಿ ಕೊಯ್ಲಿನ ದಿನಗಳಲ್ಲಿ ತಾಯಂದಿರು ಸಿಗುವುದು ಸಂಜೆಯೇ.