ತಮ್ಮನಿಗೆ ಮಾಟ ಮಾಡಿಸಿದ್ದಾರೆ ಅಂತ ಮನೆಯವರು ನಂಬಿದ್ದಾರೆ. ಇದು ಕಾಯಿಲೆ ಅಂತ ಅವರಿಗೆ ಹೇಗೆ ಹೇಳುವುದು?

ನಿಮ್ಮ ಪ್ರಶ್ನೆ ಓದಿದೆ. ಊರಲ್ಲಿರುವ ತಮ್ಮನಿಗೆ 23 ವರ್ಷ. ಆರೇಳು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಒಬ್ಬನೇ ಮಾತಾಡಿಕೊಳ್ಳುತ್ತಾನೆ, ನಗುತ್ತಾನೆ. ಪಕ್ಕದ ಮನೆಯವರು ತನ್ನ ಮೇಲೆ ಸಂಚು ಮಾಡುತ್ತಿದ್ದಾರೆ ಅನ್ನುತ್ತಾನೆ. ಮನೆಯವರು ಮಾಟ ಅಂದುಕೊಂಡು ತಾಯತ ಕಟ್ಟಿಸಿದ್ದಾರೆ. ಸೋದರಮಾವ ಬೇಗ ಮದುವೆ ಮಾಡಿ ಅನ್ನುತ್ತಿದ್ದಾರೆ. ನೀವು ಬೆಂಗಳೂರಿನಲ್ಲಿ ಕೂತು, "ಹಳ್ಳಿ ಜನಕ್ಕೆ ಇದು ಯಾಕೆ ಅರ್ಥ ಆಗಲ್ಲ, ಅಪ್ಪ ಅಮ್ಮನಿಗೆ ಹೇಗೆ ತಿಳಿಸಿ ಹೇಳಲಿ, ತಮ್ಮನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ" ಅಂತ ಕೇಳಿದ್ದೀರಿ.

ನಾನು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೋಷಿಯಲ್ ವರ್ಕರ್. ತಾಲ್ಲೂಕು ಆಸ್ಪತ್ರೆಯಲ್ಲಿ ಬಂದವರ ಜೊತೆ ಮಾತಾಡುವುದು, ಬರುವುದು ಬಿಟ್ಟವರ ಮನೆಗೆ ಹೋಗುವುದು ನನ್ನ ಕೆಲಸ. ನಿಮ್ಮಂಥ ಮನೆಗಳನ್ನು ತುಂಬಾ ನೋಡಿದ್ದೇನೆ. ಹಳ್ಳಿಯವರಿಗೆ ಅರ್ಥವೇ ಆಗಲ್ಲ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಾಯಿಲೆಯ ಹೆಸರು ಗೊತ್ತಿಲ್ಲದಿರಬಹುದು. ಆದರೆ ಮಗ ಬದಲಾಗಿದ್ದು ನಿಮ್ಮ ಅಮ್ಮನಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗಿರುತ್ತದೆ. ಯಾವ ಹಬ್ಬದ ಹೊತ್ತಿಗೆ ಊಟ ಕಮ್ಮಿಯಾಯಿತು, ಯಾವಾಗ ಸ್ನಾನ ಬಿಟ್ಟ, ಯಾವ ಸುಗ್ಗಿಯಲ್ಲಿ ಹೊಲದ ಕಡೆ ತಿರುಗಿಯೂ ನೋಡಲಿಲ್ಲ, ಎಲ್ಲ ಹೇಳುತ್ತಾರೆ. ಕೇಳಿ ನೋಡಿ. ಡಾಕ್ಟರಿಗೆ ಮೊದಲು ಬೇಕಾಗುವುದೂ ಈ ವಿವರವೇ.

ಮತ್ತೆ ಮಾಟ ಅಂತ ಯಾಕೆ ಹೇಳುತ್ತಾರೆ? ಮಾಟ ಅಂದರೆ ತಪ್ಪು ಹೊರಗಿನವರದ್ದು. ಕಾಯಿಲೆ ಅಂದರೆ ಅದು ವಂಶಕ್ಕೇ ಅಂಟಿಕೊಳ್ಳುತ್ತದೆ. "ಆ ಮನೇಲಿ ತಲೆ ಕೆಟ್ಟವನಿದ್ದಾನೆ" ಅಂತ ಒಂದು ಸಲ ಊರಲ್ಲಿ ಮಾತು ಹುಟ್ಟಿದರೆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದು ಕಷ್ಟ. ಈ ಭಯ ಸುಳ್ಳಲ್ಲ. ಇನ್ನೊಂದು ವಿಷಯವೂ ಇದೆ. ಶಾಸ್ತ್ರ ಹೇಳುವವನು ಇಡೀ ಮನೆಯವರನ್ನು ಕೂರಿಸಿಕೊಂಡು, ನಿಧಾನವಾಗಿ ಎಲ್ಲ ಕೇಳುತ್ತಾನೆ. ಯಾಕೆ ಹೀಗಾಯಿತು ಅನ್ನುವುದಕ್ಕೆ ಉತ್ತರ ಕೊಡುತ್ತಾನೆ. ಆಸ್ಪತ್ರೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಡಾಕ್ಟರಿಗೆ ಮಾತಾಡಲು ಪುರುಸೊತ್ತಿರುವುದಿಲ್ಲ. ಜನ ಯಾವ ಕಡೆ ಹೋಗುತ್ತಾರೆ ಹೇಳಿ.

ಹಾಗಾಗಿ ಮಾಟ ಇದೆಯೋ ಇಲ್ಲವೋ ಅನ್ನುವ ವಾದಕ್ಕೆ ಇಳಿಯಬೇಡಿ. ಆ ವಾದದಲ್ಲಿ ನೀವು ಗೆದ್ದರೂ ತಮ್ಮನಿಗೆ ಮಾತ್ರೆ ಸಿಗುವುದಿಲ್ಲ. ಫೋನಿನಲ್ಲಿ ಬೇಡ, ಊರಿಗೇ ಹೋಗಿ ಹೀಗೆ ಹೇಳಿ ನೋಡಿ: "ಅಮ್ಮ, ಅವನು ರಾತ್ರಿಯೆಲ್ಲ ಎದ್ದಿರ್ತಾನೆ, ನಿನಗೂ ನಿದ್ದೆ ಇಲ್ಲ. ನಿದ್ದೆಗೆ ಅಂತ ಒಂದು ಸಲ ಡಾಕ್ಟರಿಗೆ ತೋರಿಸೋಣ. ಪೂಜೆ, ಹರಕೆ ಏನೂ ಬಿಡೋದು ಬೇಡ." ಇದರಲ್ಲಿ ಸುಳ್ಳಿಲ್ಲ. ನಿದ್ದೆ ಕೆಡುವುದು ಇಂಥ ಕಾಯಿಲೆಗಳ ದೊಡ್ಡ ಲಕ್ಷಣವೇ. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾಕ್ಕೆ ದೆವ್ವ ಬಿಡಿಸಿಕೊಳ್ಳಲು ಜನ ಬರುತ್ತಾರೆ. ಅಲ್ಲಿ ದರ್ಗಾ ನೋಡಿಕೊಳ್ಳುವ ಮುಜಾವರರ ಜೊತೆ ಸೇರಿಯೇ ಮನೋವೈದ್ಯರ ಕ್ಲಿನಿಕ್ ನಡೆಸಿದರು, 'ದವಾ ಔರ್ ದುವಾ' (ಔಷಧಿ ಮತ್ತು ಪ್ರಾರ್ಥನೆ) ಅನ್ನುವ ಹೆಸರಿನಲ್ಲಿ. ಪ್ರಾರ್ಥನೆ ಬಿಡಿ ಅಂತ ಯಾರಿಗೂ ಹೇಳಲಿಲ್ಲ, ಜೊತೆಗೆ ಮಾತ್ರೆಯನ್ನೂ ಕೊಟ್ಟರು. ನಾವು ಮನೆ ಭೇಟಿಯಲ್ಲಿ ಮಾಡುವುದೂ ಇದನ್ನೇ.

ಆದರೆ ಇದಕ್ಕೊಂದು ಮಿತಿ ಇದೆ. ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಶುರುವಾದರೆ ಅಲ್ಲೇ ತಡೆಯಿರಿ. ಆಗ ಮನೆಯವರಿಗೆ ಬೇಜಾರಾಗುತ್ತದೆ ಅಂತ ಸುಮ್ಮನಿರಬೇಡಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಕಾಯಿಲೆಯವರನ್ನು ಕಟ್ಟಿಹಾಕಿ ಇಟ್ಟಿದ್ದ ಒಂದು ಆಶ್ರಯಧಾಮಕ್ಕೆ ಬೆಂಕಿ ಬಿತ್ತು. ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದನ್ನು ಪೂರ್ತಿ ನಿಷೇಧಿಸಿದೆ.

ಈಗ ತಮ್ಮನ ವಿಷಯ. ನೀವು ಬರೆದಿದ್ದು ಓದಿದರೆ ಸೈಕೋಸಿಸ್ ಥರ ಕಾಣುತ್ತದೆ, ಅಂದರೆ ಇಲ್ಲದ್ದು ಕೇಳಿಸುವುದು, ಆಧಾರವಿಲ್ಲದ ಸಂಶಯ ಬಲವಾಗುವುದು. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಆಗಿರಬಹುದು, ಗಾಂಜಾದಿಂದ ಆಗಿರಬಹುದು, ಬೇರೇನೋ ಇರಬಹುದು. ಪರೀಕ್ಷೆ ಮಾಡಿ ಹೇಳಬೇಕಾದವರು ಡಾಕ್ಟರು. ಇಂಥ ಕಾಯಿಲೆ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ ಶುರುವಾಗುತ್ತದೆ. ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಆರು ತಿಂಗಳು ಕಳೆದಿದೆ, ಇನ್ನು ಕಾಯಬೇಡಿ.

ಒಂದು ಸಲ ಆಸ್ಪತ್ರೆಗೆ ಕರೆದುಕೊಂಡು ಹೋದರೆ ಗೆದ್ದೆ ಅಂತ ಅಂದುಕೊಳ್ಳಬೇಡಿ. ನನ್ನ ಅನುಭವದಲ್ಲಿ ಮೊದಲ ಭೇಟಿಗಿಂತ ಮೂರನೇ ತಿಂಗಳು ಜಾಸ್ತಿ ಕಷ್ಟ. ಮಾತ್ರೆ ಶುರುವಾದ ಕೆಲವೇ ದಿನದಲ್ಲಿ ನಿದ್ದೆ ಬರುತ್ತದೆ, ಆವೇಶ ತಗ್ಗುತ್ತದೆ. ಸಂಶಯ, ಕಿವಿಯಲ್ಲಿ ಕೇಳುವ ದನಿಗಳು ಇಳಿಯಲು ವಾರಗಳೇ ಬೇಕು. ಅಷ್ಟರಲ್ಲಿ ಕೆಲವರಿಗೆ ಮೈ ಬಿಗಿಯುತ್ತದೆ, ಕೈ ನಡುಗುತ್ತದೆ, ಜೊಲ್ಲು ಸುರಿಯುತ್ತದೆ, ಹಗಲೂ ತೂಕಡಿಕೆ ಬರುತ್ತದೆ. ಮನೆಯವರು ಹೆದರಿ, "ಇದು ಬರೀ ನಿದ್ದೆ ಮಾತ್ರೆ, ಹುಡುಗನ್ನ ಮಂಕು ಮಾಡಿಬಿಟ್ರು" ಅಂತ ನಿಲ್ಲಿಸಿಬಿಡುತ್ತಾರೆ. ಈ ತೊಂದರೆಗಳಿಗೆ ದಾರಿ ಇದೆ. ಡೋಸ್ ಕಮ್ಮಿ ಮಾಡಬಹುದು, ಮಾತ್ರೆ ಬದಲಿಸಬಹುದು, ನಡುಕಕ್ಕೆ ಬೇರೆ ಮಾತ್ರೆ ಕೊಡಬಹುದು. ಇದನ್ನೆಲ್ಲ ಮೊದಲ ದಿನವೇ ಅಮ್ಮನಿಗೆ ಹೇಳಿಬಿಡಿ. ಮುಂಚೆಯೇ ಗೊತ್ತಿದ್ದರೆ ಅಷ್ಟು ಹೆದರುವುದಿಲ್ಲ.

ಇನ್ನು ಕೆಲವು ಮನೆಗಳಲ್ಲಿ ಹುಡುಗ ಚೆನ್ನಾಗಿ ಹುಷಾರಾದ ಮೇಲೆ ನಿಲ್ಲಿಸುತ್ತಾರೆ. "ವಾಸಿಯಾಯ್ತಲ್ಲ, ಇನ್ನ್ಯಾಕೆ?" ನಿಲ್ಲಿಸಿದ ಮರುದಿನವೇ ಏನೂ ಆಗುವುದಿಲ್ಲ, ಅದೇ ಮೋಸ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಮತ್ತೆ ಮರುಕಳಿಸಿದಾಗ ಮಾತ್ರೆ ಬಿಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. "ನೋಡಿ, ಆಸ್ಪತ್ರೆಯಿಂದ ಏನೂ ಆಗಲಿಲ್ಲ" ಅನ್ನುತ್ತಾರೆ. ಊರಿಗೆ ಊರೇ ಅದನ್ನು ನಂಬುತ್ತದೆ. ಹಾಗಾಗಿ ಎಷ್ಟು ದಿನ, ಯಾವಾಗ ಕಮ್ಮಿ ಮಾಡಬೇಕು ಅನ್ನುವುದನ್ನು ಡಾಕ್ಟರೇ ತೀರ್ಮಾನಿಸಲಿ. ದಿನಾ ಮಾತ್ರೆ ನುಂಗಲು ತಮ್ಮ ಒಪ್ಪದಿದ್ದರೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಹಾಕಿಸುವ ಇಂಜೆಕ್ಷನ್ ಇದೆ, ಕೇಳಿ. ಅನ್ನದಲ್ಲಿ ಗುಟ್ಟಾಗಿ ಬೆರೆಸಿ ಕೊಡುವುದು ಬೇಡ. ಮೊದಲೇ ಸಂಶಯದಲ್ಲಿರುವ ಹುಡುಗ, ಗೊತ್ತಾದರೆ ಅಮ್ಮನ ಕೈಯ ಊಟವನ್ನೂ ನಂಬುವುದಿಲ್ಲ.

ಸೋದರಮಾವನಿಗೆ ಖಂಡಿತ ಬೇಡ ಅನ್ನಿ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುವ ಗಾದೆಯ ಎರಡನೇ ಅರ್ಧವನ್ನು ನಮ್ಮ ಜನ ಔಷಧಿ ಚೀಟಿ ಥರ ಹಿಡಿದುಕೊಂಡಿದ್ದಾರೆ. ಮದುವೆಯಿಂದ ಈ ಕಾಯಿಲೆ ಹೋಗುವುದಿಲ್ಲ. ಏನೂ ತಿಳಿಯದೆ ಬಂದ ಹುಡುಗಿಯ ಬದುಕು ಹಾಳಾಗುತ್ತದೆ. ಆಮೇಲೆ "ಅವಳ ಕಾಲ್ಗುಣ" ಅಂತ ಬೇರೆ ಅನ್ನಿಸಿಕೊಳ್ಳುತ್ತಾಳೆ. ಹುಷಾರಾಗಿ, ಕೆಲಸಕ್ಕೆ ಹೋಗುತ್ತಾ, ವಿಷಯ ತಿಳಿಸಿ ಮದುವೆಯಾಗಿ ಚೆನ್ನಾಗಿರುವವರು ಇದ್ದಾರೆ. ವಂಶದ ಭಯಕ್ಕೂ ಉತ್ತರ ಇದೆ. ಸ್ಕಿಜೋಫ್ರೇನಿಯಾ ಬಂದವರ ಅಣ್ಣತಮ್ಮ, ಅಕ್ಕತಂಗಿಯರಿಗೆ ಅದು ಬರುವ ಸಾಧ್ಯತೆ 100ಕ್ಕೆ ಸುಮಾರು 10. ಅಂದರೆ ಹೆಚ್ಚಿನವರಿಗೆ ಬರುವುದೇ ಇಲ್ಲ.

ಹಳ್ಳಿಯವರು ಅನ್ನುವ ನಿಮ್ಮ ಮಾತಿಗೆ ಮತ್ತೆ ಬರುತ್ತೇನೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಮಾನಸಿಕ ತೊಂದರೆಗಳು ಹಳ್ಳಿಗಳಿಗಿಂತ ಮಹಾನಗರಗಳಲ್ಲೇ ಜಾಸ್ತಿ ಕಂಡವು. ಚಿಕಿತ್ಸೆ ಸಿಗದವರು ಎಲ್ಲ ಕಡೆ ಇದ್ದರು. ಇನ್ನು ಹಳ್ಳಿಯಲ್ಲಿ ಕೆಲಸ ಮಾಡಿ ತೋರಿಸಿದ್ದು ನಮ್ಮ ಕರ್ನಾಟಕವೇ. ನಿಮ್ಹಾನ್ಸ್‌ನವರು 1970ರ ದಶಕದಲ್ಲೇ ಬೆಂಗಳೂರಿನ ಹತ್ತಿರದ ಸಕಲವಾರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಡಲು ಶುರು ಮಾಡಿದರು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ದೊಡ್ಡದಾಗಿ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2005ರಿಂದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸೈಕೋಸಿಸ್ ಇರುವವರನ್ನು ಊರೂರಲ್ಲೇ ಹುಡುಕಿ ಚಿಕಿತ್ಸೆ ಕೊಟ್ಟಿದ್ದಾರೆ. ಮಾತ್ರೆ ಹತ್ತಿರ ಬಂದಾಗ, ಪಕ್ಕದ ಬೀದಿಯ ಹುಡುಗ ಹುಷಾರಾಗಿ ಗದ್ದೆಗೆ ಇಳಿದಾಗ, ಜನಕ್ಕೆ ಭಾಷಣವೇ ಬೇಡ.

ಇದರ ಪಕ್ಕದಲ್ಲೇ ಯಾರೂ ಗಮನಿಸದ ಇನ್ನೊಂದು ಸಂಕಟವಿದೆ. ಅದು ಹೆಂಗಸರದ್ದು. ಎದೆ ಹೊಡ್ಕೊಳ್ಳುತ್ತೆ, ಕೈಕಾಲು ಸೇದುತ್ತೆ, ಯಾವುದರಲ್ಲೂ ಮನಸ್ಸಿಲ್ಲ ಅಂತ ಬರುತ್ತಾರೆ. ಅವರಿಗೆ ಗ್ಲೂಕೋಸ್ ಬಾಟಲಿ ಹಾಕಿ, ಶಕ್ತಿ ಇಂಜೆಕ್ಷನ್ ಕೊಟ್ಟು ಕಳಿಸುತ್ತಾರೆ. ಅದು ಖಿನ್ನತೆ ಇರಬಹುದು ಅಂತ ಯಾರೂ ಕೇಳುವುದಿಲ್ಲ. ನಿಮ್ಮ ಅಮ್ಮನನ್ನೂ ಒಮ್ಮೆ ವಿಚಾರಿಸಿ. ಆರು ತಿಂಗಳಿಂದ ಅವರೂ ಮಲಗಿಲ್ಲ.

ಎಲ್ಲಿಗೆ ಹೋಗುವುದು ಅಂತ ಕೇಳಿದ್ದೀರಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಅಂತ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಬೇರೆ ದಿನ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಮಾತ್ರೆ ಅಲ್ಲಿ ಉಚಿತ. ಹೊರಡುವ ಮುಂಚೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಕಾಯಿಲೆ ತುಂಬಾ ದಿನ ಉಳಿದು ಕೆಲಸ ಮಾಡಲು ಆಗದಿದ್ದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಬಹುದು. 2016ರ ಅಂಗವಿಕಲರ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಯೂ ಇದೆ.

ಸಾಯುವ ಮಾತಾಡಿದರೆ, ಊಟ ನೀರು ಬಿಟ್ಟರೆ, ಯಾರ ಮೇಲಾದರೂ ಕೈ ಮಾಡಿದರೆ ಮಂಗಳವಾರಕ್ಕೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ ಅವತ್ತೇ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಇವತ್ತೇ ಅಪ್ಪನಿಗೆ ಹೇಳಿ ಅದನ್ನು ಬೇರೆಯವರ ಮನೆಗೆ ಸಾಗಿಸಿ.