ಸಾಫ್ಟ್‌ಬಾಲ್ ಪ್ರಶ್ನೋತ್ತರ: ಕ್ಯಾಚರ್ ಬಾಯಿ ಬಿಟ್ಟರೆ ಫೀಲ್ಡಿಂಗ್ ನಡೆಯುತ್ತದೆ

ಪ್ರಶ್ನೆ: ನಮ್ಮ ಹೈಸ್ಕೂಲ್ ಹುಡುಗಿಯರ ತಂಡದ ಕ್ಯಾಚರ್ ಚೆಂಡು ಹಿಡಿಯುವುದರಲ್ಲಿ ಗಟ್ಟಿಗಿತ್ತಿ. ಆದರೆ ಮಾತೇ ಆಡುವುದಿಲ್ಲ. ಬಂಟ್ (ಬ್ಯಾಟ್ ಬೀಸದೆ ಮೆಲ್ಲಗೆ ತಟ್ಟಿ ಉರುಳಿಸಿದ ಚೆಂಡು) ಬಿದ್ದರೆ ಎಲ್ಲರೂ ಗಲಿಬಿಲಿ. ಅವಳನ್ನು ತಯಾರು ಮಾಡುವುದು ಹೇಗೆ? — ದೈಹಿಕ ಶಿಕ್ಷಕಿ, ಹಾಸನ

ಉತ್ತರ: ಉಳಿದ ಎಂಟು ಮಂದಿಯನ್ನೂ ಬೇಸ್‌ನಿಂದ ಬೇಸ್‌ಗೆ ಓಡುವ ಎಲ್ಲ ರನ್ನರ್‌ಗಳನ್ನೂ ಎದುರಿಗೇ ನೋಡುವವಳು ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಒಬ್ಬಳೇ. ಬಂಟ್ ಎತ್ತಲು ಓಡಿಬಂದು ಬಗ್ಗಿದ ಥರ್ಡ್ ಬೇಸ್ ಆಟಗಾರ್ತಿಗೆ ಬೆನ್ನ ಹಿಂದಿನ ಸೆಕೆಂಡ್ ಬೇಸ್ ಕಾಣುವುದಿಲ್ಲ. ಅವಳ ಪಾಲಿನ ಕಣ್ಣು ಕ್ಯಾಚರ್‌ಳೇ.

‘ಜೋರಾಗಿ ಕೂಗು’ ಎಂದಷ್ಟೇ ಹೇಳಿದರೆ ಸಾಲದು. ಕೂಗುವ ಮಾತು ಒಂದೇ ಪದದ್ದಾಗಿರಲಿ: ಒಂದು, ಎರಡು, ಮೂರು ಅಂದರೆ ಬೇಸ್‌ಗಳು, ನಾಲ್ಕು ಅಂದರೆ ಹೋಮ್, ಬ್ಯಾಟರ್ ನಿಲ್ಲುವ ಪ್ಲೇಟ್. ಕನ್ನಡವೋ ಇಂಗ್ಲಿಷೋ, ಒಂದನ್ನೇ ಹಿಡಿಯಿರಿ. ಎರಡೆರಡು ಬಾರಿ ಕೂಗಬೇಕು, ಅದೂ ಫೀಲ್ಡರ್ ಚೆಂಡಿಗೆ ಕೈ ಹಾಕುವ ಮೊದಲೇ. ಚೆಂಡು ಕೈಗೆ ಬಂದ ಮೇಲೆ ಕೂಗಿದರೆ ಅವಳು ಎಸೆಯಲು ತಿರುಗಿದ್ದವಳು ಮಧ್ಯದಲ್ಲಿ ನಿಂತುಬಿಡುತ್ತಾಳೆ, ಇಬ್ಬರು ರನ್ನರ್‌ಗಳೂ ಬಚಾವಾಗುತ್ತಾರೆ. ಅನುಮಾನ ಬಂದರೆ ‘ಒಂದು’ ಎನ್ನಲಿ. ಖಚಿತವಾದ ಒಂದು ಔಟ್ ಬಿಟ್ಟು ಮುಂದಿನ ರನ್ನರ್ ಬೆನ್ನು ಹತ್ತಿದ್ದರಿಂದಲೇ ಶಾಲಾ ಪಂದ್ಯಗಳಲ್ಲಿ ಇನಿಂಗ್ಸ್ ಕೈಜಾರುವುದು ಹೆಚ್ಚು.

ಫಸ್ಟ್ ಬೇಸ್‌ನಲ್ಲಿ ರನ್ನರ್ ಇದ್ದು ಬಂಟ್ ಬಿತ್ತೆನ್ನಿ. ಫಸ್ಟ್ ಮತ್ತು ಥರ್ಡ್ ಬೇಸ್ ಆಟಗಾರ್ತಿಯರು ಮುಂದೆ ನುಗ್ಗುತ್ತಾರೆ, ಸೆಕೆಂಡ್ ಬೇಸ್‌ನವಳು ಫಸ್ಟ್‌ಗೆ, ಸೆಕೆಂಡ್ ಮತ್ತು ಥರ್ಡ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಸೆಕೆಂಡ್‌ಗೆ ಓಡುತ್ತಾರೆ. ಥರ್ಡ್ ಖಾಲಿ! ಚೆಂಡು ಎತ್ತಿದವಳು ಥರ್ಡ್‌ನವಳೇ ಆಗಿದ್ದರೆ, ಬೇಸ್ ಕೂಗಿದ ಕೂಡಲೇ ಕ್ಯಾಚರ್ ತಾನೇ ಥರ್ಡ್‌ಗೆ ಓಡಬೇಕು, ಪಿಚರ್ ಹೋಮ್ ಕಾಯಬೇಕು. ಇದನ್ನು ಪಿಚ್‌ಗೆ (ಪಿಚರ್ ಬ್ಯಾಟರ್‌ಗೆ ಚೆಂಡು ಎಸೆಯುವುದಕ್ಕೆ) ಮುನ್ನವೇ ಹೇಳಿಕೊಂಡಿರಬೇಕು.

ಹಾಗಾಗಿ ಪ್ರತಿ ಬ್ಯಾಟರ್ ಬರುವಾಗಲೂ ಕ್ಯಾಚರ್ ಪ್ಲೇಟ್ ಮುಂದೆ ನಿಂತು, ಬೆರಳೆತ್ತಿ ಎಷ್ಟು ಔಟ್ ಎಂದು ತೋರಿಸಲಿ. ಸುಲಭದ ಔಟ್ ಎಲ್ಲಿ, ಬಂಟ್ ಆದರೆ ಯಾರು ಎಲ್ಲಿಗೆ ಎಂದು ಹೇಳಿಯೇ ಕೂರಲಿ. ಅಭ್ಯಾಸದಲ್ಲಿ ನೀವು ಚೆಂಡು ಉರುಳಿಸಿ, ರನ್ನರ್‌ಗಳನ್ನು ಓಡಿಸಿ, ಮಾತಾಡುವ ಹಕ್ಕು ಕ್ಯಾಚರ್‌ಗೆ ಮಾತ್ರ ಕೊಡಿ. ಪಂದ್ಯದಲ್ಲೂ ಗೆರೆಯಾಚೆಯಿಂದ ನೀವು ಕೂಗಬೇಡಿ. ಎರಡು ದನಿ ಕೇಳಿದ ಫೀಲ್ಡರ್ ಯಾವುದನ್ನೂ ಕೇಳುವುದಿಲ್ಲ.

ಪ್ರಶ್ನೆ: ಪಿಚ್ ಆಗುತ್ತಿದ್ದಂತೆ ಓಡಿ ಸೆಕೆಂಡ್ ಬೇಸ್ ಕದಿಯುವವರನ್ನು ತಡೆಯಲು ಆಗುತ್ತಿಲ್ಲ. ತೋಳಿನ ಬಲ ಹೆಚ್ಚಿಸಬೇಕೆ? — ಕಾಲೇಜು ಆಟಗಾರ್ತಿ, ಮೈಸೂರು

ಉತ್ತರ: ಮೊದಲು ಕೈಚಳಕ, ಆಮೇಲೆ ತೋಳು. ಲೆಕ್ಕ ಹಾಕಿ. ಬೇಸ್‌ಗಳ ನಡುವೆ 60 ಅಡಿ, ಹೋಮ್‌ನಿಂದ ಸೆಕೆಂಡ್‌ಗೆ ಸುಮಾರು 85 ಅಡಿ, ಅಂದರೆ 25.86 ಮೀಟರ್. ಪಿಚರ್ ಕೈಯಿಂದ ಚೆಂಡು ಬಿಡುವವರೆಗೆ ರನ್ನರ್ ಬೇಸ್ ಬಿಡುವಂತಿಲ್ಲ. ಅವಳಿಗೆ 3.1 ಸೆಕೆಂಡ್ ಬೇಕು ಎಂದುಕೊಳ್ಳಿ. ಪಿಚ್‌ಗೆ ಅರ್ಧ ಸೆಕೆಂಡ್‌ಗಿಂತ ತುಸು ಹೆಚ್ಚು, ಟ್ಯಾಗ್‌ಗೆ (ಚೆಂಡಿನಿಂದ ರನ್ನರ್‌ಳನ್ನು ಮುಟ್ಟಲು) 0.2 ಹೋದರೆ ನಿಮಗೆ ಉಳಿಯುವುದು 2.3 ಸೆಕೆಂಡ್ ಆಸುಪಾಸು.

ಗಂಟೆಗೆ 72 ಕಿ.ಮೀ. ವೇಗದ ಎಸೆತಕ್ಕೆ 1.3 ಸೆಕೆಂಡ್ ಸಾಕು. ಗ್ಲೌಸ್‌ನಿಂದ ಚೆಂಡು ತೆಗೆದು ಬಿಡುವುದಕ್ಕೆ 1.1 ಸೆಕೆಂಡ್ ಹಿಡಿದರೆ ಆಟ ಕೈತಪ್ಪಿತು, 0.9ಕ್ಕೆ ಇಳಿಸಿದರೆ ಔಟ್. ಅದೇ 0.2 ಸೆಕೆಂಡನ್ನು ತೋಳಿನಿಂದ ಗಳಿಸಬೇಕಾದರೆ ವೇಗ 85 ಕಿ.ಮೀ. ದಾಟಬೇಕು! ಗ್ಲೌಸನ್ನೇ ಎದೆಯ ಬಲಕ್ಕೆ ತಂದು ಅಲ್ಲಿ ಚೆಂಡು ಬದಲಿಸಿ. ಬಲಗಾಲು ಮೊದಲು ತಿರುಗಲಿ, ಎಡಭುಜ ಸೆಕೆಂಡ್ ಕಡೆಗಿರಲಿ. ಪೂರ್ತಿ ಎದ್ದು ನಿಂತು ಎಸೆಯುವವರ ಚೆಂಡು ಮೇಲಕ್ಕೆ ಹೋಗುತ್ತದೆ. ಗುರಿ ಬೇಸ್‌ನ ಮೇಲೆ ಮೊಣಕಾಲೆತ್ತರ.

ಪ್ರಶ್ನೆ: ಫಸ್ಟ್ ಮತ್ತು ಥರ್ಡ್ ಎರಡರಲ್ಲೂ ರನ್ನರ್ ಇದ್ದು, ಫಸ್ಟ್‌ನವಳು ಓಡಿದರೆ? — ತರಬೇತುದಾರರು, ದಾವಣಗೆರೆ

ಉತ್ತರ: ಇದು ಕ್ಯಾಚರ್‌ಳ ನಿಜವಾದ ಪರೀಕ್ಷೆ. ಆಯ್ಕೆ ನಾಲ್ಕು: ನೇರ ಸೆಕೆಂಡ್‌ಗೆ ಎಸೆತ, ಮಧ್ಯದಲ್ಲೇ ಶಾರ್ಟ್‌ಸ್ಟಾಪ್ ತಡೆದು ಹೋಮ್‌ಗೆ ಮರಳಿಸುವುದು, ಥರ್ಡ್‌ಗೆ ದಿಢೀರ್ ಎಸೆತ, ಇಲ್ಲವೇ ಚೆಂಡು ಹಿಡಿದುಕೊಂಡೇ ಇರುವುದು. ಇವುಗಳಿಗೆ ಸಂಕೇತ ಇಟ್ಟುಕೊಳ್ಳಿ: ಮುಖಕವಚ ಮುಟ್ಟಿದರೆ ಮೊದಲನೆಯದು, ಎದೆ ಮುಟ್ಟಿದರೆ ಎರಡನೆಯದು, ಹೀಗೆ. ಇನ್‌ಫೀಲ್ಡ್‌ನವರೆಲ್ಲ (ಬೇಸ್‌ಗಳ ಬಳಿಯ ಫೀಲ್ಡರ್‌ಗಳು) ಸಂಕೇತ ನೋಡಿ ಉತ್ತರ ಕೊಡುವವರೆಗೆ ಅವಳು ಕೂರಕೂಡದು. ಚೆಂಡನ್ನು ಮಧ್ಯದಲ್ಲೇ ತಡೆಯುತ್ತಾರೆಂದು ಕ್ಯಾಚರ್ ಎಸೆದು, ಶಾರ್ಟ್‌ಸ್ಟಾಪ್ ಬೇಸ್ ಮೇಲೇ ನಿಂತರೆ ಥರ್ಡ್‌ನವಳು ಆರಾಮವಾಗಿ ರನ್ ಗಳಿಸುತ್ತಾಳೆ.

ಎಸೆಯುವ ಮುನ್ನ ಥರ್ಡ್ ಕಡೆ ಒಂದು ನೋಟ ಇರಲಿ, ಕತ್ತು ಮಾತ್ರ ತಿರುಗಲಿ. ಕೊನೆಯ ಇನಿಂಗ್ಸ್, ಎರಡು ರನ್ ಮುನ್ನಡೆ ಇದ್ದರೆ ಔಟ್‌ಗೆ ಹೋಗಲಿ. ಸಮಬಲವಿದ್ದರೆ ಆ ಬೇಸ್ ಬಿಟ್ಟುಕೊಡುವುದೇ ವಾಸಿ. ಚೆಂಡು ಮರಳಿ ಹೋಮ್‌ಗೆ ಬರುವಾಗ ಒಂದು ಎಚ್ಚರ: ಕೈಯಲ್ಲಿ ಚೆಂಡಿಲ್ಲದೆ ರನ್ನರ್‌ಳ ದಾರಿಗೆ ಅಡ್ಡ ನಿಂತರೆ ಅದು ಅಡಚಣೆ, ಅಂಪೈರ್ ರನ್ ಕೊಡಬಹುದು. ಪ್ಲೇಟ್‌ನ ಒಂದಂಚಾದರೂ ಕಾಣುವಂತೆ ನಿಲ್ಲಲಿ.

ಪ್ರಶ್ನೆ: ಪ್ಲೇಟ್ ಹಿಂದೆ ಎತ್ತರಕ್ಕೆ ಹೋದ ಚೆಂಡು ಪದೇ ಪದೇ ತಪ್ಪುತ್ತದೆ. — ವಿದ್ಯಾರ್ಥಿನಿ, ಧಾರವಾಡ

ಉತ್ತರ: ಬ್ಯಾಟ್‌ನ ಮೇಲಂಚಿಗೆ ತಗುಲಿದ ಚೆಂಡು ತಿರುಗುತ್ತಾ ಏರಿ, ಇಳಿಯುವಾಗ ಮೈದಾನದ ಕಡೆಗೇ ಬಾಗುತ್ತದೆ. ಅದಕ್ಕೇ ಮೈದಾನಕ್ಕೆ ಬೆನ್ನು ಮಾಡಿ ನಿಲ್ಲಬೇಕು, ಆಗ ಚೆಂಡು ನಿಮ್ಮ ಕಡೆಗೇ ಬರುತ್ತದೆ. ಮುಖಕವಚವನ್ನು ಕೈಯಲ್ಲೇ ಹಿಡಿದಿದ್ದು, ಚೆಂಡು ಎಲ್ಲಿದೆ ಎಂದು ಖಚಿತವಾದ ಮೇಲೆ ಎದುರು ದಿಕ್ಕಿಗೆ ದೂರ ಎಸೆಯಿರಿ, ಇಲ್ಲದಿದ್ದರೆ ಅದನ್ನೇ ತುಳಿದು ಬೀಳುತ್ತೀರಿ. ಫಸ್ಟ್ ಅಥವಾ ಥರ್ಡ್‌ನವಳು ‘ನನ್ನದು’ ಎಂದು ಕೂಗಿದರೆ ಬಿಟ್ಟುಕೊಡಿ. ಮುಂದೆ ಓಡಿಬರುವವಳಿಗೆ ಆ ಕ್ಯಾಚ್ ಸಲೀಸು.