ಬತ್ತಿಸಿದ ಜೌಗಿನ ಗುರುತು ಎಲ್ಲಿ ಸಿಗುತ್ತದೆ?

ಪ್ರಶ್ನೆ: ಮಗಳು ಅಮೆರಿಕದ ಐಯೊವಾ ರಾಜ್ಯದಲ್ಲಿ ಓದುತ್ತಿದ್ದಾಳೆ. ಮೆಕ್ಕೆಜೋಳದ ಹೊಲಗಳಲ್ಲಿ ಅಜ್ಜಂದಿರ ಕಾಲದಲ್ಲೇ ಬತ್ತಿಸಿದ ಜೌಗುಗಳ ನಕ್ಷೆ ಮಾಡುತ್ತಿದ್ದಾಳಂತೆ. ಈಗ ಇಲ್ಲದ ನೀರನ್ನು ಗುರುತಿಸುವುದು ಹೇಗೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆ ಸೀಮೆಯಲ್ಲಿ ಮಣ್ಣಿನ ಸಮೀಕ್ಷೆ ಮಾಡಿದವನು ನಾನು, ನಿಮ್ಮ ಪ್ರಶ್ನೆ ಕಂಡು ಸಂತೋಷವಾಯಿತು. ಐಯೊವಾದಿಂದ ಕೆನಡಾದ ಆಲ್ಬರ್ಟಾದವರೆಗೆ ಹಿಮನದಿಗಳು ಕರಗಿ ಹಿಂದೆ ಸರಿದಾಗ ಲಕ್ಷಾಂತರ ತಗ್ಗುಗಳು ಉಳಿದವು. ಉತ್ತರ ಅಮೆರಿಕದ ಕಾಡು ಬಾತುಕೋಳಿಗಳಲ್ಲಿ ಅರ್ಧದಷ್ಟು ಮರಿಯಾಗುವುದು ಅಲ್ಲೇ. ರೈತರು ನೆಲದಡಿ ಜೇಡಿಮಣ್ಣಿನ ಕೊಳವೆ ಹೂತು ನೀರನ್ನು ಬಸಿದರು. 1780ರ ದಶಕದಿಂದ 1980ರ ದಶಕದೊಳಗೆ ಐಯೊವಾ ತನ್ನ ಜೌಗಿನ ಶೇ. 89ರಷ್ಟನ್ನು ಕಳೆದುಕೊಂಡಿತು.

ಮೊದಲು ವಿಮಾನದಿಂದ ಲೇಸರ್ ಕಿರಣ ಬಿಟ್ಟು ನೆಲದ ಏರುತಗ್ಗು ಅಳೆಯುತ್ತಾರೆ, ಅದೇ ಲೈಡಾರ್. ಸಮತಟ್ಟಾಗಿ ಕಾಣುವ ಹೊಲದಲ್ಲಿ ಗೇಣಿನಷ್ಟು ತಗ್ಗೂ ಸಿಕ್ಕಿಬೀಳುತ್ತದೆ. ಆದರೆ ತಗ್ಗೆಲ್ಲ ಜೌಗಲ್ಲ, ಬೈರಿಗೆ ಇಳಿಸಿಯೇ ನೋಡಬೇಕು. ನಡುವೆ ಸಿಗುವುದು ಒಕೊಬೋಜಿ ಎಂಬ ಮಣ್ಣು: ಮೇಲೆ ಕಾಡಿಗೆಯಂತೆ ಕಪ್ಪು, ಆಳಕ್ಕೆ ಹೋದಂತೆ ಬೂದು, ಅಲ್ಲಲ್ಲಿ ತುಕ್ಕಿನ ಬಣ್ಣದ ಚುಕ್ಕೆ. ಅಂಚಿನಲ್ಲಿ ಹಾರ್ಪ್ಸ್ ಮಣ್ಣು. ಅದರಲ್ಲಿ ಸುಣ್ಣದಂಶ ಹೆಚ್ಚು. ಬೆರಳಲ್ಲಿ ಪುಡಿ ಮಾಡಿದರೆ ಬಸವನಹುಳುವಿನ ಚಿಪ್ಪಿನ ಚೂರು ಸಿಗುತ್ತವೆ, ಆಮ್ಲದ ಹನಿ ಬಿಟ್ಟರೆ ನೊರೆಯೇಳುತ್ತದೆ. ಉತ್ತು ಒಣಗಿದ ಹೊಲದ ವೈಮಾನಿಕ ಚಿತ್ರದಲ್ಲಿ ಈ ಅಂಚು ತಿಳಿಬೂದು ಉಂಗುರವಾಗಿ ಕಾಣುತ್ತದೆ. 1930ರ ದಶಕದ ಚಿತ್ರಗಳೂ ಹೋಲಿಕೆಗೆ ಸಿಗುತ್ತವೆ.

ಕಷ್ಟವಿರುವುದು ಕೊಳವೆಗಳದ್ದು. ಹಳೆಯವು ಎಲ್ಲಿ ಹೋಗಿವೆ ಎಂಬುದಕ್ಕೆ ಬಹಳ ಕಡೆ ದಾಖಲೆಯೇ ಇಲ್ಲ. ಜೌಗು ಮರಳಿ ತುಂಬಬೇಕಾದರೆ ಕೊಳವೆಯನ್ನು ಹುಡುಕಿ ಒಡೆಯಬೇಕು. ಅದೇ ಕೊಳವೆ ಮೇಲಿನ ಹೊಲದ ನೀರನ್ನೂ ಸಾಗಿಸುತ್ತಿದ್ದರೆ ಆ ರೈತನ ಬೆಳೆ ಕೊಳೆಯುತ್ತದೆ. ಅಕ್ಕಪಕ್ಕದವರನ್ನು ಮಾತನಾಡಿಸದೆ ಮಾಡಿದ ನಕ್ಷೆಯನ್ನು ನಾನು ನಂಬುವುದಿಲ್ಲ.

ಮಗಳಿಗೆ ಇದೊಂದು ಹೇಳಿ: ಸಣ್ಣ ತಗ್ಗುಗಳನ್ನು ಲೆಕ್ಕದಿಂದ ಬಿಡಬಾರದು. ಯೋಜನೆ ಬರೆಯುವವರಿಗೆ ದೊಡ್ಡ ಜೌಗೇ ಅನುಕೂಲ, ನಿಜ. ಆದರೆ ವಸಂತದಲ್ಲಿ ಆಳವಿಲ್ಲದ ನೀರು ಬೇಗ ಬೆಚ್ಚಗಾಗುತ್ತದೆ, ಹುಳುಗಳು ಅಲ್ಲೇ ಮೊದಲು ಹುಟ್ಟುತ್ತವೆ. ಮೊಟ್ಟೆಯಿಡುವ ಬಾತುಕೋಳಿಗೆ ಬೇಕಾದ ಆಹಾರ ಅದು. ಸಣ್ಣ ತಗ್ಗುಗಳು ಒತ್ತೊತ್ತಾಗಿರುವ ಹೊಲವನ್ನೇ ಮೊದಲು ಆರಿಸಲಿ.